ಎಲ್ಕ್‌ಹೋಮ್ ಕಾಲೇಜಿನ ಗೂಢಚಾರ

ಆರ್ಲಿನ್ ಸ್ಕೌಗ್ ಎಲ್ಕ್‌ಹೋಮ್ ಕಾಲೇಜಿನ ಫುಟ್‌ಬಾಲ್ ತಂಡದ ಬಟ್ಟೆ ಒಗೆಯುತ್ತಿದ್ದ. ಈ ಮಾತನ್ನು ಅವನೆದುರು ಹೀಗೆ ಹೇಳಿದವರು ಎರಡನೆಯ ಸಲ ಹೇಳಿದ್ದಿಲ್ಲ. ಅವನ ಕೋಣೆಯ ಬಾಗಿಲ ಮೇಲೆ 'ಸಲಕರಣೆಗಳ ವ್ಯವಸ್ಥಾಪಕ' ಎಂಬ ಹಿತ್ತಾಳೆಯ ಫಲಕವಿತ್ತು. ಅದು ಕಾಲೇಜು ಕೊಟ್ಟದ್ದಲ್ಲ. ಕೆಲಸಕ್ಕೆ ಸೇರಿ ಮೂವತ್ತು ವರ್ಷ ತುಂಬಿದ ದಿನ ತಾನೇ ಮಾಡಿಸಿ ತಂದು, ತಾನೇ ಮೊಳೆ ಹೊಡೆದು, ಎರಡು ಹೆಜ್ಜೆ ಹಿಂದೆ ಸರಿದು ನೋಡಿ ತಾನೇ ಮೆಚ್ಚಿಕೊಂಡದ್ದು. ಬಾಗಿಲಿನ ಒಳಗೆ ನಾಲ್ಕು ಒಗೆಯುವ ಯಂತ್ರ, ಮೂರು ಒಣಗಿಸುವ ಯಂತ್ರ, ಮತ್ತು ಅರವತ್ತೆರಡು ಹುಡುಗರ ಬೆವರಿನ ವಾಸನೆ ಇದ್ದವು.

ಆ ಕೋಣೆಯಲ್ಲಿ ಕೂತವನಿಗೆ ಗೊತ್ತಾಗದ ಗುಟ್ಟಿರಲಿಲ್ಲ. ಯಾರ ಮೊಣಕಾಲಿನ ಪಟ್ಟಿ ಹಿಗ್ಗಿದೆ, ಯಾರ ಅಂಗಿಯ ಹೆಗಲಲ್ಲಿ ಮುಲಾಮಿನ ಜಿಡ್ಡಿದೆ, ಯಾರು ಅತ್ತು ತೋಳಿನಲ್ಲಿ ಮೂಗು ಒರೆಸಿಕೊಂಡಿದ್ದಾನೆ, ಇದೆಲ್ಲ ಆರ್ಲಿನ್‌ಗೆ ಕೋಚ್‌ಗಿಂತ ಒಂದು ದಿನ ಮುಂಚೆ ತಿಳಿಯುತ್ತಿತ್ತು. ಅಮೆರಿಕದ ಫುಟ್‌ಬಾಲಿನಲ್ಲಿ ಚೆಂಡು ಕಾಲಿಗಿಂತ ಕೈಯಲ್ಲೇ ಹೆಚ್ಚು. ಶನಿವಾರದ ಪಂದ್ಯದಲ್ಲಿ ಅದನ್ನು ಹಿಡಿದು ಯಾರು ಓಡುತ್ತಾರೆ, ಯಾರು ಎಸೆಯುತ್ತಾರೆ ಎಂಬುದೂ ತಿಳಿಯುತ್ತಿತ್ತು; ಯಾಕೆಂದರೆ ಯಾರಿಗೆ ಯಾವ ಪಟ್ಟಿ, ಯಾವ ಬೂಟು ಎಂದು ಕೋಚ್ ಬ್ರೆಕ್ಕಿ ಅವನಿಗೇ ಹೇಳಬೇಕಿತ್ತು.

ಆ ವರ್ಷ ತಂಡ ಸೋಲುತ್ತಿತ್ತು. ಎಲ್ಕ್‌ಹೋಮಿಗೆ ಸೋಲು ಹೊಸದೇನಲ್ಲ. ಮಿನ್ನೆಸೋಟದ ಆ ಮೂಲೆಯಲ್ಲಿ ಹತ್ತು ಪಂದ್ಯಕ್ಕೆ ನಾಲ್ಕು ಗೆದ್ದರೆ ಜನ ಕೋಚ್‌ನ ಕೈ ಕುಲುಕುತ್ತಾರೆ. ಎರಡು ಗೆದ್ದರೆ ಅವನ ಹತ್ತಿರ ಹವಾಮಾನದ ಮಾತಾಡುತ್ತಾರೆ. ಆ ವರ್ಷ ಏಳು ಪಂದ್ಯ ಮುಗಿದಾಗ ಗೆದ್ದದ್ದು ಸೊನ್ನೆ. ಜನರಿಗೆ ಹವಾಮಾನವೂ ಸಾಲದೆ ಬಂತು.

ಸೋತದ್ದಕ್ಕಿಂತ ಸೋತ ರೀತಿ ವಿಚಿತ್ರವಾಗಿತ್ತು. ಗಿಡ್ಡ ಹುಡುಗ ಮಾಟೆಯೊ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಬಲಕ್ಕೆ ಓಡಿದರೆ, ಎದುರಾಳಿಗಳು ಐದು ಜನ ಆಗಲೇ ಅಲ್ಲಿ ಬಂದು ನಿಂತಿರುತ್ತಿದ್ದರು, ಬಸ್ಸಿಗೆ ಕಾಯುವವರ ಹಾಗೆ. ಉದ್ದನೆಯ ಹುಡುಗ ಕೋಲ್ಟನ್ ಚೆಂಡನ್ನು ದೂರಕ್ಕೆ ಎಸೆದರೆ ಅದು ಇಳಿಯುವ ಜಾಗದಲ್ಲಿ ಎದುರಾಳಿ ಕೈಚಾಚಿಕೊಂಡು ಸಿದ್ಧನಾಗಿರುತ್ತಿದ್ದ.

ಏಳನೆಯ ಸೋಲಾದ ಸೋಮವಾರ ಕೋಚ್ ಬ್ರೆಕ್ಕಿ ಆರ್ಲಿನ್‌ನ ಕೋಣೆಗೆ ಬಂದ. ಬ್ರೆಕ್ಕಿ ದಪ್ಪ ಕತ್ತಿನ, ಸಣ್ಣ ಕಣ್ಣಿನ ಮನುಷ್ಯ. ಸೋಲು ಹೆಚ್ಚಿದಷ್ಟೂ ಕಣ್ಣುಗಳು ಇನ್ನೂ ಸಣ್ಣವಾಗುತ್ತ ಬಂದಿದ್ದವು.

"ಬಾಗಿಲು ಹಾಕು, ಆರ್ಲಿನ್."

"ಹಾಕ್ದೆ."

"ಚಿಲಕ?"

"ಈ ಬಾಗಿಲಿಗೆ ಚಿಲಕ ಇಲ್ಲ ಕೋಚ್. ಫಲಕ ಮಾತ್ರ ಇರೋದು."

ಕೋಚ್ ಒಣಗಿಸುವ ಯಂತ್ರವೊಂದನ್ನು ಶುರುಮಾಡಿ, ಅದರ ಸದ್ದಿನ ಮರೆಯಲ್ಲಿ ಹೇಳಿದ. "ಆಡಳಿತ ಮಂಡಳಿಯಿಂದ ಕಾಗದ ಬಂದಿದೆ. ಈ ವರ್ಷ ಒಂದಾದ್ರೂ ಗೆಲ್ಲದೇ ಇದ್ರೆ ತಂಡ ಮುಚ್ತಾರಂತೆ. ಮೈದಾನ ಉತ್ತು ಸೋಯಾಬೀನ್ ಹಾಕ್ತಾರಂತೆ, ಕೃಷಿ ವಿಭಾಗದವರ ಪ್ರಯೋಗಕ್ಕೆ."

"ಹಾಗಾದ್ರೆ ನನ್ನ ಯಂತ್ರಗಳು?"

"ಸೋಯಾಬೀನಿಗೆ ಅಂಗಿ ಬೇಕಾಗಲ್ಲ, ಆರ್ಲಿನ್."

ಆರ್ಲಿನ್ ಬೆಂಚಿನ ಮೇಲೆ ಕೂತ. ಕೈಯಲ್ಲಿದ್ದ ಕಾಲುಚೀಲವನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದ.

"ನಮ್ಮವರೇ ಯಾರೋ ಹೊರಗಡೆ ಹೇಳ್ತಿದಾರೆ," ಅಂದ ಕೋಚ್. "ಈ ಊರಲ್ಲಿ ಒಬ್ಬ ಗೂಢಚಾರ ಇದಾನೆ. ನೀನು ಹುಡುಕಬೇಕು."

"ನಾನ್ಯಾಕೆ?"

"ನಿನ್ನನ್ನ ಯಾರೂ ಗಮನಿಸಲ್ಲ. ಹೋದ ವರ್ಷ ತಂಡದ ಫೋಟೋ ತೆಗೆದಾಗ ನೀನು ನಡುವೆ ನಿಂತಿದ್ದೆ. ಅಚ್ಚಾಗಿ ಬಂದ ಮೇಲೂ ಯಾರಿಗೂ ಗೊತ್ತಾಗ್ಲಿಲ್ಲ."

ಆರ್ಲಿನ್ ಇದನ್ನು ಹೊಗಳಿಕೆ ಎಂದೇ ತೆಗೆದುಕೊಂಡ. ಸಂಜೆ ಮನೆಗೆ ಹೋದವನೇ ಹೆಂಡತಿ ಲವಾನ್‌ಗೆ, "ಇನ್ನು ಮೇಲೆ ನಾನು ಎಲ್ಲಿಗೆ ಹೋಗ್ತೀನಿ ಅಂತ ಕೇಳ್ಬೇಡ," ಎಂದ. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ಕಾಲೇಜು, ಮನೆ, ಚರ್ಚು ಬಿಟ್ಟು ಬೇರೆಲ್ಲೂ ಹೋಗದ ಗಂಡನನ್ನು ಲವಾನ್ ಒಂದು ಗಳಿಗೆ ನೋಡಿದಳು. ಆಮೇಲೆ ಒಲೆಯಿಂದ ಮಾಂಸ, ಆಲೂಗಡ್ಡೆ ಬೇಯಿಸಿದ ಹಾಟ್‌ಡಿಶ್‌ನ ಬೋಗುಣಿ ಇಳಿಸುತ್ತ, "ಕೇಳಲ್ಲ. ಆದ್ರೆ ಗುರುವಾರ ಆರ್ಡಿಸಜ್ಜಿ ಮನೆಗೆ ಹೋಗೋದು ಮರೀಬೇಡ," ಎಂದಳು.

ಮರೆಯುವುದು ಸಾಧ್ಯವೇ? ಬಸ್ಸಿಗೆ ಬಟ್ಟೆ ತುಂಬುವುದು ಶುಕ್ರವಾರ, ಪ್ರಾರ್ಥನೆ ಗುರುವಾರ. ಎಂಬತ್ತನಾಲ್ಕು ವರ್ಷದ ಆರ್ಡಿಸಜ್ಜಿ ಎಲ್ಕ್‌ಹೋಮ್ ಲೂಥರನ್ ಚರ್ಚಿನ ಪ್ರಾರ್ಥನಾ ಸರಪಳಿಯ ತಲೆ. ಯಾರಿಗೆ ಏನು ಕಷ್ಟವಿದ್ದರೂ ಆಕೆಗೆ ತಿಳಿಸಿದರೆ ಸಾಕು. ಆಕೆ ಅದನ್ನು ಚೀಟಿಯ ಮೇಲೆ ಬರೆದುಕೊಂಡು ಪಟ್ಟಿಯ ಮೊದಲನೆಯವರಿಗೆ ಫೋನ್ ಮಾಡುತ್ತಾಳೆ, ಅವರು ಎರಡನೆಯವರಿಗೆ, ಅವರು ಮೂರನೆಯವರಿಗೆ. ಹೀಗೆ ನಲವತ್ತೊಂದು ಮನೆಗಳಲ್ಲಿ ಪ್ರಾರ್ಥನೆ ನಡೆಯುತ್ತದೆ. ಪಟ್ಟಿಗೆ ಸೇರಿದ ಹೆಸರನ್ನು ಆರ್ಡಿಸಜ್ಜಿ ಎಂದೂ ಹೊಡೆದುಹಾಕಿದವಳಲ್ಲ. ಊರು ಬಿಟ್ಟರೆ ದೇವರನ್ನೂ ಬಿಟ್ಟರೆಂದು ಅರ್ಥವೇ?

ಆಗಸ್ಟ್‌ನಲ್ಲಿ ಪಾಸ್ಟರ್ ಮಾರಿಟ್ ಒಂದು ಉಪದೇಶ ಮಾಡಿದ್ದರು. ವೈದ್ಯರ ಹತ್ತಿರ ಹೋಗಿ 'ಎಲ್ಲೋ ನೋವು' ಎನ್ನುತ್ತೀರಾ? ಎಲ್ಲಿ, ಎಷ್ಟು, ಯಾವಾಗಿನಿಂದ ಎಂದು ಹೇಳುತ್ತೀರಿ. ದೇವರಿಗೂ ಹಾಗೇ ಬಿಡಿಸಿ ಹೇಳಿ. ಉಪದೇಶದ ಹೊತ್ತಿನಲ್ಲಿ ಸಾಮಾನ್ಯವಾಗಿ ತೂಕಡಿಸುವ ಆರ್ಲಿನ್ ಆವತ್ತು ಮಾತ್ರ ಎಚ್ಚರವಾಗಿದ್ದ. ಅಂದಿನಿಂದ ಅವನ ಕೋರಿಕೆಗಳು ಬಹಳ ನಿಖರವಾಗಿದ್ದವು.

ಆ ಗುರುವಾರವೂ ಆರ್ಡಿಸಜ್ಜಿಯ ಅಡುಗೆಮನೆಯಲ್ಲಿ ಕೂತು ಹೇಳಿದ. "ಮಾಟೆಯೊನ ಎಡ ಮೊಣಕಾಲು. ದೇವರು ಅದಕ್ಕೆ ಬಲ ಕೊಡಲಿ. ಮೊದಲರ್ಧ ಪೂರ್ತಿ ಅವನು ಬಲಗಡೆಯಿಂದಲೇ ಓಡಬೇಕು."

"ಇಂಗ್ಲಿಷಿನಲ್ಲಿ ಬರೆಯೋವಾಗ 'ಎಲ್' ಅಕ್ಷರ ಒಂದೋ, ಎರಡೋ?" ಎಂದು ಆರ್ಡಿಸಜ್ಜಿ ಮಾಟೆಯೊನ ಹೆಸರಿನ ಬಗ್ಗೆ ಕೇಳಿದಳು. ಆಕೆಗೆ ಚೀಟಿಯಲ್ಲಿ ತಪ್ಪಿರಬಾರದು.

"'ಎಲ್' ಇಲ್ಲವೇ ಇಲ್ಲ ಅಜ್ಜಿ. ಮತ್ತೆ ಆಟದ ನಾಲ್ಕು ಸರದಿಯಲ್ಲಿ ಮೂರನೇದ್ರಲ್ಲಿ ಕೋಲ್ಟನ್ ಎಸೆಯೋವಾಗ ಗಾಳಿ ಕಡಿಮೆ ಇರಲಿ."

"ಮೂರನೇ ಸರದಿ," ಎಂದು ಆಕೆ ಬರೆದುಕೊಂಡು ಫೋನಿನತ್ತ ಕೈ ಚಾಚಿದಳು. ಮನಸ್ಸು ಹಗುರ ಮಾಡಿಕೊಂಡು ಆರ್ಲಿನ್ ಗೂಢಚಾರನನ್ನು ಹುಡುಕಲು ಹೊರಟ.

ಹುಡುಕಲು ಕಷ್ಟವಾಗಲಿಲ್ಲ. ದಂತವೈದ್ಯ ಪ್ರುಯಿಟ್ ಆ ಊರಿಗೆ ಹೊಸಬ. ಬಂದು ಹನ್ನೊಂದೇ ವರ್ಷವಾಗಿತ್ತು. ದಿನಾ ಸಂಜೆ ಅಭ್ಯಾಸದ ಹೊತ್ತಿಗೆ ಮೈದಾನದ ಬೇಲಿಯಾಚೆ, ಕೊಳದ ಪಕ್ಕದ ದಿಣ್ಣೆಯ ಮೇಲೆ ದುರ್ಬೀನು ಹಿಡಿದು ನಿಂತಿರುತ್ತಿದ್ದ. ನಿಂತು ಏನೋ ಬರೆದುಕೊಳ್ಳುತ್ತಿದ್ದ. ಆರ್ಲಿನ್ ಮೂರು ಸಂಜೆ ಕಸದ ಡಬ್ಬಿಯ ಹಿಂದೆ ಕೂತು ನೋಡಿದ. ಮೂರನೆಯ ಸಂಜೆ ದಂತವೈದ್ಯ ದಿಣ್ಣೆ ಇಳಿಯುವಾಗ ಜೇಬಿನಿಂದ ನೋಟ್‌ಬುಕ್ಕು ಬಿತ್ತು. ಆರ್ಲಿನ್ ಅದರ ಮೇಲೆ ಕೂತುಬಿಟ್ಟ. ಕೂತುಕೊಂಡೇ, "ಒಳ್ಳೇ ಸಂಜೆ, ಡಾಕ್ಟ್ರೇ," ಎಂದ.

"ಹುಲ್ಲು ಒದ್ದೆ ಇದೆಯಲ್ಲ ಆರ್ಲಿನ್?"

"ನಂಗೆ ಹೀಗೇ ಹಿತ."

ಕೋಚ್‌ನ ಕೋಣೆಯಲ್ಲಿ ಇಬ್ಬರೂ ನೋಟ್‌ಬುಕ್ಕು ತೆರೆದರು.

"'ಉದ್ದ ಕಾಲು, ಬೂದು ಬಣ್ಣ. ಬಹಳ ಹೊತ್ತು ಅಲ್ಲಾಡದೆ ನಿಂತಿತು. ಎಡಕ್ಕೆ ಎರಡು ಹೆಜ್ಜೆ, ಆಮೇಲೆ ಗಾಬರಿ,'" ಎಂದು ಕೋಚ್ ಓದಿದ. ಮುಖ ಕೆಂಪೇರಿತು. "ಇದು ಕೋಲ್ಟನ್! ಅಲ್ಲಾಡದೆ ನಿಂತ್ಕೋಬೇಡ ಅಂತ ಎಷ್ಟು ಸಲ ಹೇಳಿದೀನಿ ಅವನಿಗೆ!"

"ಇಲ್ನೋಡಿ ಕೋಚ್. 'ಸಣ್ಣದು, ಕಂದು, ಚುರುಕು. ನೆಲಕ್ಕೆ ಹತ್ತಿಕೊಂಡೇ ಓಡುತ್ತದೆ.'"

"ಮಾಟೆಯೊ."

"'ಗುಂಪಿನಲ್ಲಿ ಒಂದು ದಪ್ಪನೆಯದು ಸುಮ್ಮನೆ ಕಿರುಚುತ್ತಿತ್ತು. ಯಾವುದೂ ಅದರ ಮಾತು ಕೇಳಲಿಲ್ಲ.'"

ಕೋಚ್ ನೋಟ್‌ಬುಕ್ಕನ್ನು ಪಟ್ಟೆಂದು ಮುಚ್ಚಿದ. ಆಮೇಲೆ, "ಇವನ ಹಲ್ಲು ಉದುರಿಸ್ತೀನಿ," ಎಂದ.

ಆದರೆ ಸಾಕ್ಷಿ ಗಟ್ಟಿ ಮಾಡಿಕೊಳ್ಳುವುದು ಒಳ್ಳೆಯದೆಂದು ಆರ್ಲಿನ್ ಮರುದಿನ ಹಲ್ಲುನೋವಿನ ನೆಪ ಮಾಡಿಕೊಂಡು ಪ್ರುಯಿಟ್‌ನ ಕುರ್ಚಿಯಲ್ಲಿ ಮಲಗಿದ. ನೋಟ್‌ಬುಕ್ಕು ಕೋಟಿನ ಒಳಜೇಬಿನಲ್ಲೇ ಇತ್ತು. ಕೇಳಬೇಕಾದ ಹನ್ನೆರಡು ಪ್ರಶ್ನೆಗಳನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ. ದಂತವೈದ್ಯನ ಕುರ್ಚಿಯಲ್ಲಿ ಮಲಗಿದವನಿಗೆ ಪ್ರಶ್ನೆ ಕೇಳಲು ಆಗುವುದಿಲ್ಲ ಎಂಬುದು ಬಾಯಿಯೊಳಗೆ ಕನ್ನಡಿ, ಹತ್ತಿ, ಕೊಳವೆ ಎಲ್ಲ ಹೋದ ಮೇಲೆ ಅವನಿಗೆ ಹೊಳೆಯಿತು.

"ಮನಸ್ಸೇ ಸರಿ ಇಲ್ಲ ನಂಗೆ," ಎಂದು ಪ್ರುಯಿಟ್ ಕೊರೆಯುವ ಯಂತ್ರ ಕೈಗೆತ್ತಿಕೊಂಡ. "ನನ್ನ ನೋಟ್‌ಬುಕ್ಕು ಕಳೆದುಹೋಗಿದೆ. ಕೊಳಕ್ಕೆ ಬರೋ ಹಕ್ಕಿಗಳದ್ದು. ಆರು ವರ್ಷದ ಟಿಪ್ಪಣಿ ಆರ್ಲಿನ್! ಕೊಕ್ಕರೆ, ಗದ್ದೆಗೊರವ, ಬಾತು, ಒಂದೊಂದೂ ಬರೆದಿಟ್ಟಿದ್ದೆ. ಯಾರೋ ಕದ್ದಿದಾರೆ. ಸಿಕ್ಕಲಿ ಅವನು." ಯಂತ್ರ ಗುಂಯ್‌ಗುಟ್ಟಿತು. "ಬಾಯಿ ಇನ್ನೂ ಅಗಲ ತೆಗಿ. ಯಾಕೆ ನಡುಗ್ತಿದೀಯ? ನಾನಿನ್ನೂ ಮುಟ್ಟೇ ಇಲ್ಲ."

ಆರ್ಲಿನ್ ಹೊರಬರುವಾಗ ಚೆನ್ನಾಗಿದ್ದ ಹಲ್ಲೊಂದಕ್ಕೆ ಬೆಳ್ಳಿ ತುಂಬಿಸಿಕೊಂಡಿದ್ದ. ನೋಟ್‌ಬುಕ್ಕನ್ನು ಕಾಯುವವರ ಕೋಣೆಯಲ್ಲಿ ಹಳೇ ಪತ್ರಿಕೆಗಳ ಅಡಿಯಲ್ಲಿ ಇಟ್ಟು ಓಡಿದ. ಅವನು ಓಡಿದ್ದನ್ನು ಅಲ್ಲಿ ಕೂತಿದ್ದ ಇಬ್ಬರು ಹೆಂಗಸರು ನೋಡಿದರು. ಇಬ್ಬರೂ ಸರಪಳಿಯವರೇ.

ಅಂದಿನಿಂದ ಊರಿನ ಗಾಳಿ ಕೆಟ್ಟಿತು. ಕೋಚ್ ಮೈದಾನದ ಸುತ್ತ ಧಾನ್ಯ ಮುಚ್ಚುವ ತಾಡಪಾಲು ಕಟ್ಟಿಸಿದ. ಬೆಳಗ್ಗೆ ಕಾಫಿ ಅಂಗಡಿಯಲ್ಲಿ ರೈತರು ಮೊದಲು ಒಬ್ಬರಿಗೊಬ್ಬರು ಮುಖ ಕೊಟ್ಟು ಕೂರುತ್ತಿದ್ದವರು ಈಗ ಗೋಡೆಗೆ ಬೆನ್ನು ಕೊಟ್ಟು ಕೂರತೊಡಗಿದರು. ಅಂಚೆಯವಳು ಎದುರಾಳಿ ಊರಾದ ಟೊರ್ವಿಕ್‌ನಿಂದ ಬಂದ ಕಾಗದಗಳನ್ನು ಬೆಳಕಿಗೆ ಹಿಡಿದು ನೋಡುತ್ತಾಳೆಂದು ಸುದ್ದಿಯಾಯಿತು. ಆರ್ಲಿನ್ ಎಲ್ಲರನ್ನೂ ಗಮನಿಸುತ್ತಿದ್ದ. ಯಾರೂ ಗಮನಿಸದ ಮನುಷ್ಯ ಎಲ್ಲರನ್ನೂ ಗಮನಿಸತೊಡಗಿದರೆ ಎಲ್ಲರೂ ಅವನನ್ನು ಗಮನಿಸುತ್ತಾರೆಂಬುದು ಮಾತ್ರ ಅವನ ಗಮನಕ್ಕೆ ಬರಲಿಲ್ಲ.

ಅಷ್ಟರಲ್ಲಿ ಎಂಟನೆಯ ಪಂದ್ಯವೂ ಹೋಗಿತ್ತು.

ಒಂಬತ್ತನೆಯದು ರೋಸ್ಬಿ ಊರಿನಲ್ಲಿ. ಆಟ ಅರ್ಧ ಮುಗಿದು ವಿರಾಮವಾದಾಗ, ಆರ್ಲಿನ್ ಮೈದಾನದಂಚಿನಲ್ಲಿ ಒದ್ದೆ ಟವೆಲ್ಲುಗಳನ್ನು ಹಿಂಡುತ್ತಿದ್ದ. ರೋಸ್ಬಿಯ ಕಡೆಯಿಂದ ಹೆಣಿಗೆ ಟೋಪಿ ಹಾಕಿದ್ದ ಮುದುಕಿಯೊಬ್ಬಳು ತಟ್ಟೆ ಹಿಡಿದು ಬಂದಳು. ತಟ್ಟೆಯಲ್ಲಿ ಚೌಕ ಚೌಕವಾಗಿ ಕತ್ತರಿಸಿದ ಕುಂಬಳಕಾಯಿಯ ಸಿಹಿ ಇತ್ತು.

"ಬಟ್ಟೆ ಒಗೆಯೋ ಆರ್ಲಿನ್ ನೀವೇ ಅಲ್ವಾ?"

"ಸಲಕರಣೆಗಳ ವ್ಯವಸ್ಥಾಪಕ," ಎಂದ ಆರ್ಲಿನ್. ಆಮೇಲೆ ಅನುಮಾನದಿಂದ, "ನಿಮಗೆ ಹೇಗೆ ಗೊತ್ತು?" ಎಂದ.

"ಗೊತ್ತಿಲ್ದೆ ಏನು? ವಾರವಾರ ನಿಮ್ಮ ಹೆಸರು ಹೇಳಿ ಪ್ರಾರ್ಥನೆ ಮಾಡ್ತೀವಲ್ಲ. ಮಾಟೆಯೊನ ಎಡ ಮೊಣಕಾಲು ಹೇಗಿದೆ ಪಾಪ?"

ಆರ್ಲಿನ್‌ನ ಕೈಯಲ್ಲಿದ್ದ ಟವೆಲ್ಲು ಹಾಗೇ ನಿಂತಿತು.

"ನಿಮ್ಮ ಚರ್ಚಿನ ಗ್ಲ್ಯಾಡಿಸ್ ತನ್ನ ಮಗಳ ಮನೆ ಸೇರೋಕೆ ಟೊರ್ವಿಕ್‌ಗೆ ಹೋದಳಲ್ಲ, ಆದ್ರೂ ನಿಮ್ಮ ಪಟ್ಟಿಯಲ್ಲಿ ಕೊನೇ ಹೆಸರು ಅವಳದೇ ಅಂತೆ. ಅವಳು ಟೊರ್ವಿಕ್ ಸರಪಳಿಗೆ ಹೇಳ್ತಾಳೆ. ಅಲ್ಲಿಂದ ನಮಗೆ. ನಮ್ಮಿಂದ ಮುಂದಿನ ಊರಿಗೆ. ಎಲ್ಲೂ ಕಡಿಯೋಕೆ ಬಿಟ್ಟಿಲ್ಲ ನಾವು!" ಮುದುಕಿಯ ಮುಖದಲ್ಲಿ ಹೆಮ್ಮೆಯಿತ್ತು. "ಒಂಬತ್ತು ಊರು ಆರ್ಲಿನ್. ಒಂಬತ್ತು ಊರಿನವರು ನಿಮಗೋಸ್ಕರ ಕೈ ಮುಗೀತಿದಾರೆ."

ಆ ವರ್ಷ ಎಲ್ಕ್‌ಹೋಮ್ ಆಡಬೇಕಾದ ಊರುಗಳೂ ಒಂಬತ್ತೇ. ಟೊರ್ವಿಕ್‌ನೊಂದಿಗೆ ಎರಡು ಸಲ.

"ನಿಮ್ಮ... ನಿಮ್ಮ ಕೋಚ್ ಕೂಡ ಪ್ರಾರ್ಥನೆ ಮಾಡ್ತಾರಾ?"

"ಅಯ್ಯೋ, ಅವರಷ್ಟು ಮನಸಿಟ್ಟು ಯಾರೂ ಮಾಡಲ್ಲ. ಬರ್ಕೊಂಡು ಮಾಡ್ತಾರೆ."

ಆ ಪಂದ್ಯದ ಉಳಿದರ್ಧವನ್ನು ಆರ್ಲಿನ್ ನೋಡಲಿಲ್ಲ. ಟವೆಲ್ಲಿನ ಬುಟ್ಟಿಯ ಮೇಲೆ ಕೂತು ಕುಂಬಳಕಾಯಿಯ ಸಿಹಿ ಐದು ತಿಂದ. ಮೂವತ್ತೊಂದು ವರ್ಷ ಮೈ ಬಗ್ಗಿಸಿ ದುಡಿದ ತಂಡವನ್ನು ಪ್ರಾರ್ಥನೆ ಮಾಡಿಯೇ ಮುಗಿಸಿದ್ದ.

ಮನೆಗೆ ಬಂದು ಹೇಳಿದಾಗ ಲವಾನ್ ಪಾತ್ರೆ ಒರೆಸುವುದನ್ನು ನಿಲ್ಲಿಸಲಿಲ್ಲ. "ಹಾಗಾದ್ರೆ ಗೂಢಚಾರ ನೀನೇ."

"ಹಾಗಂತ ಹೇಳ್ಬೇಡ."

"ಮತ್ತೆ ಹೇಗೆ ಹೇಳ್ಲಿ? ಕೋಚ್‌ಗೆ ನೀನೇ ಹೇಳು. ನಾನು ಸರಪಳಿಯಲ್ಲಿ ಹದಿನೇಳನೆಯವಳು, ಹದಿನೆಂಟನೆಯವಳಿಗೆ ಹೇಳೋ ಮುಂಚೆ ಹೇಳು."

ಸೋಮವಾರ ಕೋಚ್ ಬ್ರೆಕ್ಕಿ ಎಲ್ಲ ಕೇಳಿದ. ಕೇಳುತ್ತ ಕೇಳುತ್ತ ಅವನ ಕತ್ತು ದಪ್ಪವಾಯಿತು. ಕೈಗೆ ಸಿಕ್ಕಿದ ಹೆಲ್ಮೆಟ್ಟೊಂದನ್ನು ಎತ್ತಿದ. ಎತ್ತಿದವನು ನಿಧಾನಕ್ಕೆ ಕೆಳಗಿಟ್ಟ. ಸಣ್ಣ ಕಣ್ಣುಗಳಲ್ಲಿ ಎರಡು ತಿಂಗಳಿನಿಂದ ಕಾಣದ ಮಿಂಚೊಂದು ಬಂತು.

"ಕೊನೇ ಪಂದ್ಯ ಟೊರ್ವಿಕ್ ಜೊತೆ. ನಮ್ಮ ಮೈದಾನದಲ್ಲಿ."

"ಹೌದು ಕೋಚ್."

"ಕೋಲ್ಟನ್ ಹೆಬ್ಬೆರಳಿನ ಮೂಳೆ ಬಿರುಕು ಬಿಟ್ಟಿದೆ. ಚೆಂಡು ಎಸೆಯೋಕಾಗಲ್ಲ. ದಿನಪೂರ್ತಿ ಮಾಟೆಯೊ ಎಡಗಡೆಯಿಂದ ಓಡೋದು ಬಿಟ್ಟರೆ ನಮಗೆ ಬೇರೆ ಗತಿಯಿಲ್ಲ. ಇದು ನಿನಗೂ ನನಗೂ ಗೊತ್ತು. ಟೊರ್ವಿಕ್‌ಗೆ ಗೊತ್ತಾದ್ರೆ ಹನ್ನೊಂದು ಜನಾನೂ ಎಡಗಡೆ ಬೇಲಿ ಕಟ್ಟಿದ ಹಾಗೆ ನಿಲ್ತಾರೆ. ಸೋಯಾಬೀನೇ ಗತಿ." ಕೋಚ್ ಹತ್ತಿರ ಬಂದು ಆರ್ಲಿನ್‌ನ ಹೆಗಲ ಮೇಲೆ ಕೈಯಿಟ್ಟ. "ಈ ಗುರುವಾರ ನೀನು ಹೋಗಿ ಏನು ಹೇಳ್ತೀಯ ಅಂದ್ರೆ, ಮಾಟೆಯೊನ ಮೊಣಕಾಲು ಪೂರ್ತಿ ಹೋಗಿದೆ, ಕೋಲ್ಟನ್ ತೋಳಿಗೆ ಬಲ ಬರಲಿ, ಅವನು ದಿನಪೂರ್ತಿ ಎಸೀತಾನೆ."

"ಸುಳ್ಳು ಪ್ರಾರ್ಥನೆಯಾ? ದೇವರಿಗೆ ಸುಳ್ಳು ಹೇಳೋದಾ?"

"ದೇವರಿಗೆ ನಿಜ ಗೊತ್ತಿರುತ್ತಲ್ಲ ಆರ್ಲಿನ್! ಆತ ಮೋಸ ಹೋಗಲ್ಲ. ಟೊರ್ವಿಕ್ ಒಂದೇ ಮೋಸ ಹೋಗೋದು."

ಈ ತರ್ಕದಲ್ಲಿ ಎಲ್ಲಿ ತೂತಿದೆಯೆಂದು ಆರ್ಲಿನ್ ಮೂರು ದಿನ ಹುಡುಕಿದ. ಸಿಗಲಿಲ್ಲ. ಗುರುವಾರ ಮಧ್ಯಾಹ್ನ ಹೇಳಬೇಕಾದ್ದನ್ನು ನೂರು ಸಲ ಗೊಣಗಿಕೊಳ್ಳುತ್ತ ಆರ್ಡಿಸಜ್ಜಿಯ ಮನೆಗೆ ಹೋದ.

ಆರ್ಡಿಸಜ್ಜಿ ಲೆಫ್ಸೆ ಮಾಡುತ್ತಿದ್ದಳು. ಆಲೂಗಡ್ಡೆಯ ಹಿಟ್ಟನ್ನು ಹಾಳೆಯಷ್ಟು ತೆಳ್ಳಗೆ ಲಟ್ಟಿಸಿ, ಉದ್ದನೆಯ ಮರದ ಪಟ್ಟಿಯಿಂದ ಎತ್ತಿ ಕಾವಲಿಗೆ ಹರಡುತ್ತಿದ್ದಳು. ಆರ್ಲಿನ್‌ಗೆ ಆರು ವರ್ಷವಿದ್ದಾಗ ಭಾನುವಾರದ ಶಾಲೆಯಲ್ಲಿ ಪಾಠ ಹೇಳಿದವಳು ಆಕೆಯೇ. ಸುಳ್ಳು ಹೇಳಿದರೆ ಈ ಹುಡುಗನ ಕಿವಿ ಕೆಂಪಾಗುತ್ತದೆಂದು ಇಡೀ ಊರಿಗೆ ಸಾರಿದವಳೂ ಆಕೆಯೇ.

"ಕೂತ್ಕೋ," ಎಂದು ಚೀಟಿ ಎಳೆದುಕೊಂಡಳು. "ಹೇಳು."

"ಮಾಟೆಯೊನ ಮೊಣಕಾಲು..."

"ಎಡದ್ದು?"

"ಎಡದ್ದು. ಅದು..." ಆರ್ಲಿನ್‌ನ ಕಿವಿಯ ತುದಿ ಬೆಚ್ಚಗಾಯಿತು. ಆರ್ಡಿಸಜ್ಜಿ ಕನ್ನಡಕ ಸರಿಮಾಡಿಕೊಂಡು ಮುಖವನ್ನು ಬಿಟ್ಟು ಕಿವಿಯನ್ನೇ ನೋಡಿದಳು. ಕಾವಲಿಯ ಮೇಲೆ ಲೆಫ್ಸೆ ಗುಳ್ಳೆ ಗುಳ್ಳೆಯಾಗಿ ಉಬ್ಬಿತು.

"ಅದು ಚೆನ್ನಾಗಿದೆ ಅಜ್ಜಿ!" ಎಂದು ಆರ್ಲಿನ್ ಒಂದೇ ಉಸಿರಿಗೆ ಶುರುಮಾಡಿದ. "ಅದು ಹಾಗೇ ಚೆನ್ನಾಗಿರಲಿ. ಕೋಲ್ಟನ್ ಹೆಬ್ಬೆರಳು ಬಿರುಕು ಬಿಟ್ಟಿದೆ, ಅವನು ಒಂದು ಸಲಾನೂ ಎಸೆಯಲ್ಲ. ಬೆಳಗಿಂದ ಮುಗಿಯೋವರೆಗೂ ಮಾಟೆಯೊನೇ ಓಡೋದು, ಎಡಗಡೆಯಿಂದ್ಲೇ. ಬಲಗಡೆ ಓಡೋಕೆ ನಮ್ಮ ಹತ್ರ ಜನಾನೇ ಇಲ್ಲ."

ಆಕೆ ಬರೆದುಕೊಂಡಳು. "ಅಷ್ಟೇನಾ?"

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಒಮ್ಮೆ ನಿಜ ಹೇಳಲು ಬಾಯಿ ತೆರೆದರೆ ಎಲ್ಲಿ ಮುಚ್ಚಬೇಕೆಂದು ತಿಳಿಯದ ಜಾತಿಯ ಮನುಷ್ಯ ಆರ್ಲಿನ್.

"ನನಗೋಸ್ಕರ ಕೂಡ ಸ್ವಲ್ಪ ಅಜ್ಜಿ. ಈ ವಾರ ಸುಳ್ಳು ಕೋರಿಕೆ ಕೊಡು ಅಂತ ಕೋಚ್ ಹೇಳಿಕೊಟ್ಟಿದ್ರು. ನಾನು ಆ ಪಾಪಕ್ಕೆ ಬೀಳದೇ ಇರಲಿ ಅಂತ."

ಆರ್ಡಿಸಜ್ಜಿ ಅದನ್ನೂ ಒಂದಕ್ಷರ ಬಿಡದೆ ಬರೆದುಕೊಂಡು, ಅವನ ಕೈಗೆ ಬೆಣ್ಣೆ ಸಕ್ಕರೆ ಸವರಿದ ಲೆಫ್ಸೆ ಕೊಟ್ಟು, ಫೋನ್ ಎತ್ತಿದಳು. ಹೊರಗೆ ಬಂದ ಮೇಲೆ ಆರ್ಲಿನ್‌ಗೆ ತಾನು ಮಾಡಿದ್ದೇನೆಂದು ಅರ್ಥವಾಯಿತು. ಗೇಟಿನ ಹತ್ತಿರ ನಿಂತು ತಿರುಗಿ ನೋಡಿದ. ಕಿಟಕಿಯಲ್ಲಿ ಆರ್ಡಿಸಜ್ಜಿಯ ತುಟಿ ಅಲ್ಲಾಡುತ್ತಿತ್ತು. ಸರಪಳಿ ಹೊರಟುಬಿಟ್ಟಿತ್ತು.

"ಹೇಳಿದ್ಯಾ?" ಎಂದ ಕೋಚ್, ಸಂಜೆ.

"ಹೇಳ್ದೆ," ಎಂದ ಆರ್ಲಿನ್. ಅದೂ ನಿಜವೇ. ಟೋಪಿಯನ್ನು ಮಾತ್ರ ಕಿವಿಯ ಮೇಲೆ ಎಳೆದುಕೊಂಡಿದ್ದ.

ಶನಿವಾರ ಸಣ್ಣಗೆ ಹಿಮ ಬೀಳುತ್ತಿತ್ತು. ಸೋಯಾಬೀನ್ ವಿಭಾಗದ ಇಬ್ಬರು ಬಂದು ಮೈದಾನದ ಮೂಲೆಯಲ್ಲಿ ಮಣ್ಣು ಕೆದಕಿ ಡಬ್ಬಿಗೆ ತುಂಬಿಕೊಳ್ಳುತ್ತಿದ್ದುದನ್ನು ಎಲ್ಲರೂ ಕಂಡರು. ಆರ್ಲಿನ್ ಹದಿನೆಂಟು ವರ್ಷ ಹಳೆಯ ಬುಟ್ಟಿಯ ಹಿಂದೆ ನಿಂತು, ಎಡಗಡೆ ಏಳುವ ಬೇಲಿಯನ್ನು ಕಾಯುತ್ತಿದ್ದ.

ಬೇಲಿ ಏಳಲಿಲ್ಲ.

ಟೊರ್ವಿಕ್‌ನ ಹುಡುಗರು ದೂರ ದೂರ ಹಿಂದಕ್ಕೆ ಸರಿದು, ಆಕಾಶ ನೋಡುತ್ತ ನಿಂತರು. ಮಾಟೆಯೊ ಎಡಕ್ಕೆ ಓಡಿದ. ಅಲ್ಲಿ ಒಬ್ಬನೇ ಇದ್ದ, ಅವನೂ ಮೇಲೆ ನೋಡುತ್ತಿದ್ದ.

"ನಂಬಬೇಡಿ!" ಎಂದು ಟೊರ್ವಿಕ್‌ನ ಕೋಚ್ ಅಂಚಿನಲ್ಲಿ ಕುಣಿದಾಡಿದ. ಅವನು ಮೊಣಕೈಯಷ್ಟು ಉದ್ದದ ಮುಖದ ಒಣಕಲ ಮನುಷ್ಯ. "ಇದು ತೋರಿಕೆ! ಎಸೀತಾರೆ ನೋಡ್ತಿರಿ!"

ಮತ್ತೆ ಎಡಕ್ಕೆ. ಮತ್ತೂ ಎಡಕ್ಕೆ. ಹುಲ್ಲಿನಲ್ಲಿ ಮಾಟೆಯೊ ಓಡಿದ ದಾರಿ ಕಾಲುಹಾದಿಯ ಹಾಗೆ ಕಾಣತೊಡಗಿತು.

"ಈಗ ಎಸೀತಾರೆ!" ಎಂದು ಟೊರ್ವಿಕ್‌ನ ಕೋಚ್ ಮೂರನೆಯ ಸರದಿಯಲ್ಲೂ ಕೂಗಿದ. ನಾಲ್ಕನೆಯದರಲ್ಲಿ ಅವನ ದನಿ ಬಿದ್ದುಹೋಗಿ, ಬರೀ ಆಕಾಶಕ್ಕೆ ಬೆರಳು ತೋರಿಸುತ್ತಿದ್ದ. ಅಷ್ಟು ಹೊತ್ತಿಗೆ ಅವನ ಹುಡುಗರು ತಾವೇ ಎಡಕ್ಕೆ ಬಂದು ಎರಡು ಸಲ ಮಾಟೆಯೊನನ್ನು ಕೆಡವಿದರು. ಕೆಡವಿದ್ದಕ್ಕೆ ಸನ್ನೆಯಲ್ಲೇ ಬೈಸಿಕೊಂಡು ಹಿಂದಕ್ಕೆ ಹೋದರು.

ಹದಿನಾಲ್ಕು, ಹತ್ತು. ಎಲ್ಕ್‌ಹೋಮ್ ಗೆದ್ದಿತು.

ಕೋಚ್ ಬ್ರೆಕ್ಕಿ ಆರ್ಲಿನ್‌ನನ್ನು ಟವೆಲ್ಲುಗಳ ಸಮೇತ ಎತ್ತಿಕೊಂಡ. "ನೀನು, ನೀನು, ನೀನು!" ಎಂದು ಬಿಟ್ಟರೆ ಅವನ ಬಾಯಲ್ಲಿ ಬೇರೇನೂ ಬರಲಿಲ್ಲ. ಸೋಯಾಬೀನಿನವರು ಡಬ್ಬಿಯ ಮಣ್ಣನ್ನು ಸದ್ದಿಲ್ಲದೆ ಅಲ್ಲೇ ಸುರಿದು ಹೊರಟರು. ಆರ್ಲಿನ್ ನೆಲ ಮುಟ್ಟುವ ಹೊತ್ತಿಗೆ ಟೊರ್ವಿಕ್‌ನ ಕೋಚ್ ಕೈ ಕುಲುಕಲು ಬಂದ.

"ನಾನು ಇಪ್ಪತ್ತು ವರ್ಷದಿಂದ ಈ ಆಟದಲ್ಲಿದ್ದೀನಿ," ಎಂದು ಆರ್ಲಿನ್‌ನನ್ನು ಮೇಲಿಂದ ಕೆಳಗೆ ನೋಡಿದ. "ನಿನ್ನಂಥ ಖದೀಮನನ್ನ ಕಂಡಿಲ್ಲ. ಕೋಚ್ ಸುಳ್ಳು ಹೇಳಿಕೊಟ್ಟಿದಾರೆ ಅಂತ ಒಂದು ಕಡೆ ಸುದ್ದಿ ಬಿಡೋದು, ಇನ್ನೊಂದು ಕಡೆ ಒಂದಕ್ಷರ ಬಿಡದ ಹಾಗೆ ನಿಜ ಹೇಳೋದು! ಯಾವನು ನಂಬ್ತಾನಪ್ಪ ಅದನ್ನ?"

ಕೋಚ್ ಬ್ರೆಕ್ಕಿಯ ಮುಖದ ನಗು ಅಲ್ಲೇ ಹೆಪ್ಪುಗಟ್ಟಿತು. "ನಿಜ ಹೇಳಿದ್ಯಾ? ಎಡಗಡೆ ಅಂತ ಹೇಳಿದ್ಯಾ? ಹೆಬ್ಬೆರಳೂ ಹೇಳಿದ್ಯಾ?"

"ಬಾಯಿಗೆ ಬಂತು ಕೋಚ್."

"ನಾನು ಹೇಳಿಕೊಟ್ಟಿದ್ದು ಕೂಡ ಬಾಯಿಗೆ ಬಂತಾ?"

ಬ್ರೆಕ್ಕಿ ಒಂದು ಹೆಜ್ಜೆ ಹಿಂದಕ್ಕೆ ಸರಿದ. ಇಷ್ಟು ವರ್ಷ ತನ್ನ ಪಕ್ಕದಲ್ಲೇ ಇದ್ದ ಮನುಷ್ಯನನ್ನು ಮೊದಲ ಸಲ ನೋಡುವವನಂತೆ ನೋಡಿದ. ಇವನು ಇಷ್ಟು ದಡ್ಡನೋ, ಇಷ್ಟು ಜಾಣನೋ? ಎರಡರಲ್ಲಿ ಯಾವುದಾದರೂ ಇಂಥವನ ಕೈಗೆ ಗುಟ್ಟು ಕೊಡಬಾರದೆಂದು ತೀರ್ಮಾನಿಸಿದಂತೆ ಕಂಡಿತು.

ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಪಾಸ್ಟರ್ ಮಾರಿಟ್ ಅವನನ್ನು ನಿಲ್ಲಿಸಿಕೊಂಡರು. ಆರ್ಡಿಸಜ್ಜಿ ಪಕ್ಕದಲ್ಲಿ ಕೋಲೂರಿ ನಿಂತಿದ್ದಳು. ನವೆಂಬರಿನ ಗಾಳಿ ಕೊರೆಯುತ್ತಿತ್ತು. ಪಾಸ್ಟರ್ ಎದುರು ಗೌರವಕ್ಕೆಂದು ಆರ್ಲಿನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಆರ್ಲಿನ್, ಟೊರ್ವಿಕ್‌ನವರು ಬಹಳ ನೊಂದ್ಕೊಂಡಿದಾರೆ. ಪ್ರಾರ್ಥನೆಯಲ್ಲಿ ನಮಗೆ ಮೋಸ ಆಯ್ತು ಅಂತಿದಾರೆ. ನೀವು ಸುಳ್ಳು ಹೇಳಿದ್ರಾ?"

"ಇಲ್ಲ ಪಾಸ್ಟರಮ್ಮ. ಹೇಳಿದ್ದೆಲ್ಲ ನಿಜ."

"ನಿಜ ಹೇಳಿದ್ರೆ ಅವರು ಮೋಸ ಹೇಗೆ ಹೋದ್ರು?"

ಆರ್ಲಿನ್ ಟೋಪಿಯನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದ. ಆರ್ಡಿಸಜ್ಜಿ ಮುಂದೆ ಬಾಗಿ ಅವನ ಕಿವಿ ನೋಡಿದಳು. ಗಾಳಿಗೆ ಅವು ಟೊಮೇಟೊ ಹಣ್ಣಿನಷ್ಟು ಕೆಂಪಾಗಿದ್ದವು.

"ಚಳಿ ಅಜ್ಜಿ!" ಎಂದ ಆರ್ಲಿನ್.

"ಆರು ವರ್ಷದವನಿದ್ದಾಗಲೂ ಹೀಗೇ ಹೇಳ್ತಿದ್ದ," ಎಂದು ಆರ್ಡಿಸಜ್ಜಿ ಪಾಸ್ಟರ್‌ಗೆ ಹೇಳಿದಳು.

ತಂಡ ಉಳಿಯಿತು. ಆಡಳಿತ ಮಂಡಳಿಯಿಂದ ಇನ್ನೊಂದು ವರ್ಷಕ್ಕೆ ಒಪ್ಪಿಗೆಯ ಕಾಗದ ಬಂತು. ಯಂತ್ರಗಳು ತಿರುಗುತ್ತಲೇ ಇದ್ದವು. ಬಾಗಿಲಿಗೆ ಫಲಕದ ಕೆಳಗೆ ಕೋಚ್ ಒಂದು ಚಿಲಕ ಹಾಕಿಸಿದ, ಹೊರಗಡೆಯಿಂದ. ಚೆಂಡಿನ ಮಾತು ಬಂದರೆ ಆರ್ಲಿನ್ ಇರುವ ಕಡೆ ಎಲ್ಲರೂ ಹವಾಮಾನಕ್ಕೆ ಹೊರಳಿಕೊಂಡರು. ಕಾಫಿ ಅಂಗಡಿಯಲ್ಲಿ ಅವನು 'ಒಳ್ಳೇ ಬಿಸಿಲು' ಎಂದರೆ ಜನ ಕಿಟಕಿಯ ಹತ್ತಿರ ಹೋಗಿ ಒಮ್ಮೆ ನೋಡಿ ಬಂದು ಕೂರುತ್ತಿದ್ದರು.

ಮುಂದಿನ ಗುರುವಾರ ಅವನು ಆರ್ಡಿಸಜ್ಜಿಯ ಮನೆಗೆ ಹೋಗಲಿಲ್ಲ. ಐದು ಗಂಟೆಗೆ ಆಕೆ ತಾನೇ ಫೋನ್ ಮಾಡಿದಳು.

"ಏನೋ ಆರ್ಲಿನ್, ಈ ವಾರ ಏನೂ ಇಲ್ವಾ?"

"ಏನೂ ಇಲ್ಲ ಅಜ್ಜಿ."

"ಏನೇನೂ?"

"ಏನೇನೂ ಇಲ್ಲ."

ಫೋನಿನಲ್ಲಿ ಕಿವಿ ಕಾಣುವುದಿಲ್ಲ. ಆ ಕಡೆಯಿಂದ ಪೆನ್ಸಿಲ್ಲಿನ ಸದ್ದು ಮಾತ್ರ ಕೇಳಿಸಿತು.

ಆರ್ಲಿನ್ ಫೋನ್ ಇಟ್ಟು ಕುರ್ಚಿಯಲ್ಲಿ ಕಾಲು ಚಾಚಿದ. ಅನೇಕ ವಾರಗಳ ಮೇಲೆ ಮನಸ್ಸು ಖಾಲಿಯಾಗಿ ಹಿತವಾಗಿತ್ತು. ಇಪ್ಪತ್ತು ನಿಮಿಷ ಕಳೆದಿರಬಹುದು, ಫೋನ್ ಮತ್ತೆ ರಿಂಗಾಯಿತು. ಲವಾನ್ ಅಡುಗೆಮನೆಯಲ್ಲೇ ಎತ್ತಿಕೊಂಡಳು. ಹದಿನಾರನೆಯವಳು ಹದಿನೇಳನೆಯವಳಿಗೆ ಹೇಳುವ ಹೊತ್ತು. "ಹೂಂ," ಎಂದಳು ಲವಾನ್. "ಹೂಂ. ಹೌದಾ? ಪಾಪ." ಆಮೇಲೆ ಹದಿನೆಂಟನೆಯವಳಿಗೆ ಫೋನ್ ಮಾಡಿ, ದನಿ ತಗ್ಗಿಸಿ ಏನೋ ಹೇಳಿ ಮುಗಿಸಿ, ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು. ಇಪ್ಪತ್ತೆಂಟು ವರ್ಷದಲ್ಲಿ ಅವನನ್ನು ಹಾಗೆ ನೋಡಿರಲಿಲ್ಲ.

"ಆರ್ಲಿನ್," ಎಂದಳು. "ಏನು ಮುಚ್ಚಿಡ್ತಿದೀಯ?"

"ನಾನಾ? ಏನೂ ಇಲ್ವಲ್ಲ!"

ಲವಾನ್ ಬಾಗಿಲಿನಿಂದ ಕದಲಲಿಲ್ಲ. ನಲವತ್ತೊಂದು ಮನೆಗಳಲ್ಲಿ, ಆಮೇಲೆ ಒಂಬತ್ತು ಊರುಗಳಲ್ಲಿ, ಜನ ಕಣ್ಣು ಮುಚ್ಚಿ ಇದೇ ಪ್ರಶ್ನೆಯನ್ನು ದೇವರಿಗೆ ಕೇಳುತ್ತಿದ್ದಾರೆಂದು ಆರ್ಲಿನ್‌ಗೆ ಹೊಳೆಯಿತು. ಇಷ್ಟು ಜನ ಒಟ್ಟಿಗೆ ತಪ್ಪಾಗಿರಲು ಸಾಧ್ಯವೇ? ಅವನು ಮೆಲ್ಲಗೆ ಎದ್ದು, ಗೂಟದಿಂದ ಕೋಟು ತೆಗೆದು, ತನ್ನ ಜೇಬುಗಳನ್ನೇ ಒಂದೊಂದಾಗಿ ತಡಕಿ ನೋಡತೊಡಗಿದ.